ಪರದೇಶದ ವಿದ್ಯಾರ್ಥಿ ಅಲ್‌ಬಿರೂನಿ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಸುತ್ತಿದ ಮಾತ್ರಕ್ಕೆ ತಿಳಿವಳಿಕೆ ಬರುತ್ತದೆಯೆ? ಹತ್ತು ದಿನ ಪರಸ್ಥಳದಲ್ಲಿದ್ದು ಬಂದು, ಆ ಊರಿನವರೆಲ್ಲ ಜಿಪುಣರು, ಈ ಸೀಮೆಯವರೆಲ್ಲ ಮೋಸಗಾರರು, ಇನ್ನೊಂದು ದೇಶದವರಿಗೆ ಶುಚಿಯೆಂಬುದೇ ಗೊತ್ತಿಲ್ಲ ಎಂದು ತೀರ್ಪು ಕೊಡುವವರನ್ನು ನಾವೆಲ್ಲರೂ ಕಂಡಿದ್ದೇವೆ. ಇಂಥವರು ಹೋಗುವಾಗ ಹೊತ್ತ ಅಭಿಪ್ರಾಯವನ್ನೇ ಬರುವಾಗಲೂ ಹೊತ್ತು ತರುತ್ತಾರೆ. ನಡುವೆ ದಾರಿಯ ಖರ್ಚೊಂದು ಹೆಚ್ಚು. ಪರದೇಶಕ್ಕೆ ಹೋದವನು ಅಲ್ಲಿಯವರನ್ನು ಹೇಗೆ ನೋಡಬೇಕು, ಅವರ ವಿಷಯವನ್ನು ತನ್ನವರಿಗೆ ಹೇಗೆ ಹೇಳಬೇಕು ಎಂಬ ಪ್ರಶ್ನೆಗೆ ಸುಮಾರು ಸಾವಿರ ವರ್ಷಗಳ ಹಿಂದೆ ನಮ್ಮ ದೇಶಕ್ಕೇ ಬಂದ ಒಬ್ಬ ವಿದ್ವಾಂಸನ ಬಾಳು ಒಳ್ಳೆಯ ಉತ್ತರವೆಂದು ನನಗೆ ತೋರಿದೆ. ಅವನ ಹೆಸರು ಅಲ್‌ಬಿರೂನಿ. ಇತಿಹಾಸದ ಪರೀಕ್ಷೆಗೆ ಓದುವಾಗ ಒಂದು ಸಾಲಿನಲ್ಲಿ ಮುಗಿದುಹೋಗುವ ಈ ಹೆಸರಿನ ಹಿಂದೆ ಒಂದು ದೊಡ್ಡ ಜೀವನವಿದೆ.

ಅಬೂ ರೈಹಾನ್ ಮುಹಮ್ಮದ್ ಇಬ್ನ್ ಅಹ್ಮದ್ ಅಲ್‌ಬಿರೂನಿ ಹುಟ್ಟಿದ್ದು ಕ್ರಿ.ಶ. ೯೭೩ರ ಸೆಪ್ಟೆಂಬರಿನಲ್ಲಿ, ಖ್ವಾರಜಮ್ ಸೀಮೆಯ ಕಾಥ್ ನಗರದ ಬಳಿ. ಅರಲ್ ಸಮುದ್ರದ ದಕ್ಷಿಣಕ್ಕಿರುವ ಆ ಪ್ರದೇಶ ಇಂದು ಉಜ್ಬೇಕಿಸ್ತಾನಕ್ಕೆ ಸೇರಿದೆ. ಅಲ್ಲಿಯ ಊರಿಗೆ ಈಗ ಅವನ ಹೆಸರನ್ನೇ ಇಟ್ಟಿದ್ದಾರೆ. ಪಾರ್ಸಿ ಭಾಷೆಯಲ್ಲಿ ಬಿರೂನ್ ಎಂದರೆ ಹೊರಗೆ. ನಗರದ ಹೊರವಲಯದಲ್ಲಿ ಹುಟ್ಟಿದ್ದರಿಂದ ಅವನಿಗೆ ಬಿರೂನಿ, ಅಂದರೆ ಹೊರಗಿನವನು ಎಂಬ ಹೆಸರು ಬಂದಿತೆಂದು ಹೇಳುತ್ತಾರೆ. ತನ್ನ ವಂಶ ಯಾವುದೆಂದು ತನಗೇ ಗೊತ್ತಿಲ್ಲವೆಂದು ಅವನು ಒಂದು ಪದ್ಯದಲ್ಲಿ ಬರೆದುಕೊಂಡಿದ್ದಾನಂತೆ. ಮನೆಮಾತು ಖ್ವಾರಜಮಿ, ವಿದ್ಯೆಯ ಭಾಷೆಗಳಾದ ಅರಬ್ಬಿ, ಪಾರ್ಸಿ ಎರಡನ್ನೂ ಅವನು ಕಲಿತೇ ಪಡೆಯಬೇಕಾಯಿತು. ರಾಜವಂಶಕ್ಕೆ ಸೇರಿದ ಗಣಿತಜ್ಞ ಅಬೂ ನಸ್ರ್ ಮನ್ಸೂರನು ಈ ಹುಡುಗನ ಬುದ್ಧಿಯನ್ನು ಕಂಡು ಪಾಠ ಹೇಳಿದನು.

೯೯೫ರಲ್ಲಿ ಖ್ವಾರಜಮಿನಲ್ಲಿ ಅಂತಃಕಲಹವೆದ್ದು ಕಾಥಿನ ರಾಜವಂಶ ಉರುಳಿತು. ಇಪ್ಪತ್ತೆರಡು ವರ್ಷದ ಬಿರೂನಿ ಊರು ಬಿಟ್ಟು ಓಡಬೇಕಾಯಿತು. ೯೯೭ರಲ್ಲಿ ಕಾಥಿಗೆ ಮರಳಿದ್ದಾಗ, ಬಾಗ್ದಾದಿನಲ್ಲಿದ್ದ ಅಬುಲ್ ವಫಾ ಎಂಬ ಗಣಿತಜ್ಞನೊಡನೆ ಮೊದಲೇ ಗೊತ್ತುಮಾಡಿಕೊಂಡು, ಇಬ್ಬರೂ ಒಂದೇ ಚಂದ್ರಗ್ರಹಣವನ್ನು ತಮ್ಮ ತಮ್ಮ ಊರಿನಿಂದ ನೋಡಿದರು. ಗ್ರಹಣ ಕಂಡ ಹೊತ್ತಿನ ಅಂತರದಿಂದ ಎರಡು ಊರುಗಳ ರೇಖಾಂಶದ ಅಂತರವನ್ನು ಲೆಕ್ಕಹಾಕಿದರು. ಕ್ರಿ.ಶ. ಸಾವಿರದ ಹೊತ್ತಿಗೆ ಅವನು ಕ್ಯಾಸ್ಪಿಯನ್ ಸಮುದ್ರದ ಬಳಿಯ ಗುರ್ಗಾನಿನಲ್ಲಿ, ದೊರೆ ಕಾಬೂಸನ ಆಶ್ರಯದಲ್ಲಿದ್ದನು. ಅಲ್ಲಿ ಬರೆದ ಗ್ರಂಥದಲ್ಲಿ ಪಾರ್ಸಿಗಳು, ಯೆಹೂದಿಗಳು, ಕ್ರೈಸ್ತರು, ಅರಬರು, ತನ್ನ ಖ್ವಾರಜಮಿಗಳು, ಹೀಗೆ ನಾನಾ ಜನರ ಪಂಚಾಂಗಗಳನ್ನೂ ಹಬ್ಬಗಳನ್ನೂ ಒಟ್ಟುಗೂಡಿಸಿದನು. ಇತರರು ಕಾಲವನ್ನು ಹೇಗೆ ಎಣಿಸುತ್ತಾರೆ, ಯಾವ ದಿನವನ್ನು ಏಕೆ ಹಬ್ಬವೆನ್ನುತ್ತಾರೆ ಎಂಬುದನ್ನು ಅವರವರಿಂದಲೇ ಕೇಳಿ ತಿಳಿಯುವ ಅಭ್ಯಾಸ ಆ ವಯಸ್ಸಿಗೇ ಅವನಲ್ಲಿ ಬೇರೂರಿತ್ತು.

ಕೆಲವು ವರ್ಷಗಳ ಮೇಲೆ ಅವನು ಖ್ವಾರಜಮಿಗೆ ಹಿಂದಿರುಗಿ ಅಲ್ಲಿಯ ಆಸ್ಥಾನದಲ್ಲಿ ನೆಲೆಸಿದನು. ಆ ನೆಮ್ಮದಿ ಬಹುಕಾಲ ಉಳಿಯಲಿಲ್ಲ. ೧೦೧೭ರಲ್ಲಿ ಘಜನಿಯ ಮಹಮೂದನು ಖ್ವಾರಜಮನ್ನು ಗೆದ್ದನು. ಗೆದ್ದ ರಾಜ್ಯದ ವಿದ್ವಾಂಸರನ್ನೂ ಸೊತ್ತಿನಂತೆಯೇ ಘಜನಿಗೆ ಸಾಗಿಸಿದನು. ಅವರಲ್ಲಿ ನಲವತ್ತನಾಲ್ಕು ವರ್ಷದ ಬಿರೂನಿಯೂ ಒಬ್ಬ. ಮರುವರ್ಷ ಕಾಬೂಲಿನ ಬಳಿಯ ಒಂದು ಹಳ್ಳಿಯಲ್ಲಿ ಕೈಯಲ್ಲಿ ಯಾವ ಉಪಕರಣವೂ ಇಲ್ಲದೆ, ಲೆಕ್ಕದ ಹಲಗೆಯ ಬೆನ್ನ ಮೇಲೆ ಕಂಸವನ್ನು ಗೀಚಿಕೊಂಡು ಸೂರ್ಯನ ಎತ್ತರವನ್ನು ಅಳೆಯುತ್ತಿದ್ದನು.

ಮಹಮೂದನ ದಂಡಯಾತ್ರೆಗಳ ಕಥೆ ನಮ್ಮ ಶಾಲಾ ಹುಡುಗರಿಗೂ ಗೊತ್ತು. ಮಥುರಾ, ಕನೌಜ್, ಕೊನೆಗೆ ೧೦೨೫-೨೬ರಲ್ಲಿ ಸೋಮನಾಥ. ಬಿರೂನಿ ಭರತಖಂಡವನ್ನು ಕಂಡದ್ದು ಈ ದೊರೆಯ ನೆರಳಿನಲ್ಲಿ. ಅವನು ಸ್ವೇಚ್ಛೆಯಿಂದ ಹೊರಟ ಪ್ರವಾಸಿಯಲ್ಲ. ತನ್ನ ಹೋಕುಬರವುಗಳಲ್ಲಿ ತನಗೆ ಪೂರ್ಣ ಸ್ವಾತಂತ್ರ್ಯವಿರಲಿಲ್ಲವೆಂದು ಅವನೇ ಗ್ರಂಥದಲ್ಲಿ ಬರೆದಿದ್ದಾನೆ. ಇತ್ತ ಈ ದೇಶದ ಪಂಡಿತರ ಕಣ್ಣಿಗೆ ಅವನು ಊರು ಸುಟ್ಟವರ ಕಡೆಯವನು. ಸೆರೆಯಾಳಿನಂತಿದ್ದವನು ಇನ್ನೊಂದೆಡೆ ಗೆದ್ದವರ ಪಕ್ಷದವನೂ ಆಗಿ ಕಾಣಿಸಿದನು. ಪ್ರವಾಸಕ್ಕೆ ಇದಕ್ಕಿಂತ ಕೆಟ್ಟ ಆರಂಭವಿರಲಾರದು.

ಇಂಥ ಸ್ಥಿತಿಯಲ್ಲಿ ಅವನು ಮಾಡಿದ್ದೇನು? ಸಂಸ್ಕೃತ ಕಲಿಯಲು ಕುಳಿತನು. ವಯಸ್ಸು ಐವತ್ತರ ಹತ್ತಿರ. ಒಂದೇ ವಸ್ತುವಿಗೆ ಹಲವು ಹೆಸರು, ಒಂದೇ ಹೆಸರಿಗೆ ಹಲವು ಅರ್ಥ, ಶಾಸ್ತ್ರಗಳೆಲ್ಲ ಪದ್ಯದಲ್ಲಿ, ಪ್ರತಿ ಮಾಡುವವರ ಅಲಕ್ಷ್ಯದಿಂದ ತಪ್ಪುಗಳು ಬೇರೆ. ಪಂಡಿತರ ಬಾಯಿಂದ ಕೇಳಿ ಒಂದು ಪದವನ್ನು ಬಹು ಕಷ್ಟದಿಂದ ಅರಬ್ಬಿ ಅಕ್ಷರಗಳಲ್ಲಿ ಬರೆದುಕೊಂಡು, ಮತ್ತೆ ಅವರಿಗೇ ಓದಿ ಹೇಳಿದರೆ, ಅದು ಯಾವ ಪದವೆಂದು ಅವರಿಗೇ ಗುರುತು ಸಿಗುತ್ತಿರಲಿಲ್ಲವಂತೆ. ಆದರೂ ಬಿಡಲಿಲ್ಲ. ಹಣವನ್ನೂ ಶ್ರಮವನ್ನೂ ಲೆಕ್ಕಿಸದೆ ಗ್ರಂಥಗಳನ್ನು ತರಿಸಿದನು. ದೂರದೂರದಿಂದ ಪಂಡಿತರನ್ನು ಕರೆಸಿಕೊಂಡು ಅವರ ಮುಂದೆ ಶಿಷ್ಯನಂತೆ ಕುಳಿತನು. ಬ್ರಹ್ಮಗುಪ್ತ, ವರಾಹಮಿಹಿರ, ಪುರಾಣಗಳು, ಭಗವದ್ಗೀತೆ ಎಲ್ಲವೂ ಅವನ ಓದಿಗೆ ಬಂದವು. ಸಾಂಖ್ಯದ ಒಂದು ಗ್ರಂಥವನ್ನೂ ಪತಂಜಲಿಯ ಯೋಗಶಾಸ್ತ್ರವನ್ನೂ ಅರಬ್ಬಿಗೆ ತಂದನು. ಇಂದು ಪಾಕಿಸ್ತಾನಕ್ಕೆ ಸೇರಿರುವ ಪಂಜಾಬಿನ ಭಾಗದಲ್ಲಿ ನಂದನವೆಂಬ ಕೋಟೆಯಿದೆ. ಅಲ್ಲಿಯ ಬೆಟ್ಟದ ಎತ್ತರವನ್ನು ಅಳೆದು, ಮೇಲಿನಿಂದ ನೋಡಿದಾಗ ದಿಗಂತ ಎಷ್ಟು ತಗ್ಗಿ ಕಾಣುತ್ತದೆಂಬುದನ್ನೂ ಅಳೆದು, ಭೂಮಿಯ ತ್ರಿಜ್ಯವನ್ನು ಲೆಕ್ಕಹಾಕಿದನು. ಲಾಹೋರ್, ಮುಲ್ತಾನ್, ಸಿಯಾಲ್‌ಕೋಟ್ ಮೊದಲಾದ ಊರುಗಳ ಅಕ್ಷಾಂಶಗಳನ್ನೂ ತಾನೇ ಕಂಡುಹಿಡಿದನು.

ಅವನ ಮಹಾಗ್ರಂಥ ಹುಟ್ಟಿದ ಸಂದರ್ಭ ಮನನೀಯವಾದುದು. ಅಬೂ ಸಹ್ಲ್ ಎಂಬ ವಿದ್ವಾಂಸನೊಬ್ಬನು, ಇಸ್ಲಾಮಿನದೇ ಒಂದು ಪಂಥದ ಸಿದ್ಧಾಂತವನ್ನು ಇನ್ನೊಬ್ಬ ಲೇಖಕನು ತಿರುಚಿ ಬರೆದಿದ್ದಾನೆಂದು ಬೇಸರಪಟ್ಟುಕೊಂಡನು. ಪರಮತಗಳ ವಿಷಯದಲ್ಲಿ ಬರೆಯುವವರ ಪದ್ಧತಿಯೇ ಇದು ಎಂದು ಬಿರೂನಿ ಹೇಳಿದನು. ನಮ್ಮ ನಡುವಿನ ಪಂಥದ ವಿಷಯವಾದರೆ ಯಾರಾದರೂ ತಪ್ಪನ್ನು ಹಿಡಿದಾರು. ದೂರದ ಜನರ ವಿಷಯದಲ್ಲಿ ಹಿಡಿಯುವವರೇ ಇಲ್ಲ. ಹಿಂದೂಗಳ ಬಗ್ಗೆ ಆಗ ಅರಬ್ಬಿಯಲ್ಲಿದ್ದ ಪುಸ್ತಕಗಳು ಬಹುಮಟ್ಟಿಗೆ ಒಬ್ಬರಿಂದ ಒಬ್ಬರು ನಕಲು ಮಾಡಿದ ಕೇಳಿಕೆಯ ಮಾತುಗಳು. ಅಬೂ ಸಹ್ಲನು ಅವುಗಳನ್ನು ಮತ್ತೆ ಓದಿ ನೋಡಿ, ನಿಜವನ್ನು ನೀನೇ ಬರೆ ಎಂದು ಒತ್ತಾಯಿಸಿದನು. ೧೦೩೦ರ ಏಪ್ರಿಲಿನಲ್ಲಿ ಮಹಮೂದನು ತೀರಿಕೊಂಡನು. ಆ ವರ್ಷವೇ ಎಂಬತ್ತು ಅಧ್ಯಾಯಗಳ ಆ ಗ್ರಂಥ ಮುಗಿಯಿತು. ಕಿತಾಬ್ ಅಲ್ ಹಿಂದ್ ಎಂದು ಅದು ಪ್ರಸಿದ್ಧವಾಗಿದೆ.

ಇದು ವಾದದ ಪುಸ್ತಕವಲ್ಲವೆಂದು ಅವನು ಮೊದಲೇ ತಿಳಿಸುತ್ತಾನೆ. ಹಿಂದೂಗಳು ಏನು ನಂಬುತ್ತಾರೋ ಅದನ್ನು ಅವರ ಗ್ರಂಥಗಳಿಂದಲೇ ತೆಗೆದು ಮುಂದಿಡುವುದು, ಗ್ರೀಕರಲ್ಲಿ ಅಥವಾ ತನ್ನ ಸೂಫಿಗಳಲ್ಲಿ ಅಂಥದೇ ವಿಚಾರವಿದ್ದರೆ ಪಕ್ಕದಲ್ಲಿಡುವುದು, ಇಷ್ಟೇ ಅವನ ಕ್ರಮ. ಓದುವ ಮುಸಲ್ಮಾನನಿಗೆ ಯಾವುದಾದರೂ ಅಸಹ್ಯವೆನಿಸಿದರೆ, ಅವರ ನಂಬಿಕೆ ಹೀಗಿದೆ, ಸಮರ್ಥಿಸಿಕೊಳ್ಳುವ ಯೋಗ್ಯತೆ ಅವರಿಗೇ ಹೆಚ್ಚು ಎಂದು ಬಿಡುತ್ತಾನೆ.

ಮೂರ್ತಿಪೂಜೆಯ ಅಧ್ಯಾಯವನ್ನೇ ನೋಡಿ. ಮೂರ್ತಿಭಂಜಕನೆಂಬ ಬಿರುದನ್ನು ಹೆಮ್ಮೆಯಿಂದ ಧರಿಸಿದ ದೊರೆಯ ರಾಜಧಾನಿಯಲ್ಲಿ ಕುಳಿತು ಬರೆದದ್ದು ಅದು. ಹಿಂದೂಗಳಲ್ಲಿ ಓದಿದವರು ದೇವರು ಒಬ್ಬನೇ, ಅವನಿಗೆ ಆದಿ ಅಂತ್ಯಗಳಿಲ್ಲ ಎಂದು ತಿಳಿದಿದ್ದಾರೆ. ಮೂರ್ತಿಗಳು ಸಾಮಾನ್ಯ ಜನರಿಗಾಗಿ ಎನ್ನುತ್ತಾನೆ. ಒಡನೆಯೇ ತನ್ನವರತ್ತ ತಿರುಗುತ್ತಾನೆ. ಪ್ರವಾದಿಯ ಚಿತ್ರವನ್ನೋ ಮಕ್ಕಾದ ಚಿತ್ರವನ್ನೋ ಓದುಬರಹವಿಲ್ಲದ ಒಬ್ಬ ಮುಸಲ್ಮಾನನಿಗೆ ತೋರಿಸಿದರೆ, ಅವನು ಸಂತೋಷದಿಂದ ಅದನ್ನು ಮುದ್ದಿಟ್ಟು, ಚಿತ್ರವನ್ನಲ್ಲ, ಕ್ಷೇತ್ರವನ್ನೇ ಕಂಡಂತೆ ವರ್ತಿಸುವುದಿಲ್ಲವೆ ಎಂಬುದು ಅವನ ಪ್ರಶ್ನೆ. ಒಡೆದ ಸೋಮನಾಥದ ಲಿಂಗದ ತುಂಡು ಘಜನಿಯ ಮಸೀದಿಯ ಬಾಗಿಲಲ್ಲಿ ಬಿದ್ದಿರುವುದನ್ನು ಅವನು ಬರೆದಿಡುತ್ತಾನೆ. ಅಷ್ಟಕ್ಕೆ ನಿಲ್ಲದೆ, ಸೋಮನೆಂದರೆ ಚಂದ್ರ, ನಾಥನೆಂದರೆ ಒಡೆಯ, ಚಂದ್ರನ ಉದಯಾಸ್ತಗಳೊಡನೆ ಏರುವ ಭರತದ ನೀರು ಲಿಂಗವನ್ನು ತೊಳೆಯುತ್ತಿದ್ದುದರಿಂದ ಆ ಹೆಸರು ಎಂದು ಆ ಪೂಜೆಯ ಅರ್ಥವನ್ನೂ ತನ್ನ ಓದುಗರಿಗೆ ಬಿಡಿಸಿ ಹೇಳುತ್ತಾನೆ.

ಆಚಾರಗಳ ವಿಷಯದಲ್ಲಿ ಅವನು ಮಾಡಿದ ಪಟ್ಟಿ ಓದಲು ಸ್ವಾರಸ್ಯವಾಗಿದೆ. ಈ ಜನರು ಎಲೆ ಅಡಿಕೆ ಸುಣ್ಣ ಹಾಕಿಕೊಂಡು ಹಲ್ಲು ಕೆಂಪು ಮಾಡಿಕೊಳ್ಳುತ್ತಾರೆ. ಸಗಣಿ ಸಾರಿಸಿದ ನೆಲದ ಮೇಲೆ ಒಬ್ಬೊಬ್ಬರೇ ಕುಳಿತು ಉಣ್ಣುತ್ತಾರೆ. ಗ್ರಂಥದ ಹೆಸರನ್ನು ಮೊದಲಲ್ಲಿ ಬರೆಯದೆ ಕೊನೆಯಲ್ಲಿ ಬರೆಯುತ್ತಾರೆ. ಮನೆಯೊಳಗೆ ಬರುವಾಗ ಅಪ್ಪಣೆ ಕೇಳುವುದಿಲ್ಲ, ಹೋಗುವಾಗ ಕೇಳುತ್ತಾರೆ. ಈ ಕೊನೆಯದನ್ನು ಓದಿ ನನಗೆ ನಗು ಬಂದಿತು. ಯಾರ ಮನೆಯಿಂದ ಏಳುವಾಗಲೂ, ಬರಲೇ ಎಂದು ಕೇಳದೆ ನಾವು ಹೊರಡುತ್ತೇವೆಯೆ? ಸಾವಿರ ವರ್ಷದ ಹಿಂದೆ ಇನ್ನೊಬ್ಬನಿಗೆ ಇದು ವಿಚಿತ್ರವಾಗಿ ಕಂಡಿತ್ತು ಎಂದು ತಿಳಿಯುವವರೆಗೆ ಇದೊಂದು ಆಚಾರವೆಂಬುದೇ ನನ್ನ ಅರಿವಿಗೆ ಬಂದಿರಲಿಲ್ಲ. ಬಿರೂನಿ ಇದನ್ನು ಹಾಸ್ಯಕ್ಕಾಗಿ ಬರೆಯಲಿಲ್ಲ. ಒಂದು ವಿಷಯ ವಿಚಿತ್ರವೆನಿಸುವುದು ನಾವು ಅದನ್ನು ಅಪರೂಪವಾಗಿ ಕಾಣುವುದರಿಂದ ಎಂಬುದು ಅವನ ವಿವರಣೆ. ಹಿಂದೂಗಳನ್ನು ಹಳಿಯಲು ಹೊರಡುವ ಓದುಗನಿಗೆ, ಇಸ್ಲಾಮಿಗೆ ಮುಂಚೆ ಅರಬರ ಆಚಾರಗಳೂ ಕಡಮೆಯೇನಿರಲಿಲ್ಲವೆಂದು ನೆನಪಿಸುವುದನ್ನೂ ಅವನು ಮರೆಯುವುದಿಲ್ಲ.

ಹಾಗೆಂದು ಅವನು ಮುಖಸ್ತುತಿ ಮಾಡುವವನಲ್ಲ. ಹಿಂದೂಗಳು ತಮ್ಮ ದೇಶದಂಥ ದೇಶವಿಲ್ಲ, ತಮ್ಮ ಶಾಸ್ತ್ರದಂಥ ಶಾಸ್ತ್ರವಿಲ್ಲ ಎಂದು ಬೀಗುತ್ತಾರೆ, ಹೊರಗಿನವರನ್ನೆಲ್ಲ ಮ್ಲೇಚ್ಛರೆಂದು ದೂರವಿಡುತ್ತಾರೆ ಎಂದು ಖಂಡಿತವಾಗಿ ಬರೆದಿದ್ದಾನೆ. ಅವರ ಗಣಿತ ಜ್ಯೋತಿಷ ಗ್ರಂಥಗಳಲ್ಲಿ ಮುತ್ತೂ ಸಗಣಿಯೂ ಬೆರೆತಿವೆ ಎಂದಿದ್ದಾನೆ. ಗ್ರಹಣಕ್ಕೆ ಭೂಮಿಯ ನೆರಳು ಕಾರಣವೆಂದು ಬಲ್ಲ ಬ್ರಹ್ಮಗುಪ್ತನೂ ರಾಹುವಿನ ಕಥೆಗೆ ತಲೆಬಾಗಿದ್ದನ್ನು ಕಂಡು ನೊಂದುಕೊಂಡಿದ್ದಾನೆ. ಸಾಕ್ರೆಟಿಸನಿಗೆ ಒದಗಿದಂಥ ಆಪತ್ತೇ ಅವನಿಗೂ ಎದುರಾಗಿತ್ತೇನೋ ಎಂದು ಊಹಿಸಿದ್ದಾನೆ.

ಇಡೀ ಜನಾಂಗವನ್ನು ಬೀಗುವವರೆನ್ನುವುದೂ ಒಂದು ಸಾರಾಸಗಟಿನ ಮಾತೇ ಅಲ್ಲವೆ? ಹೌದು, ಬಿರೂನಿಯೂ ಅದರಿಂದ ಪೂರ್ತಿ ಪಾರಾದವನಲ್ಲ. ಅವನು ಕಂಡದ್ದು ಬಹುಮಟ್ಟಿಗೆ ಪಂಜಾಬಿನ ಸೀಮೆ. ಬರೆದದ್ದು ಎಲ್ಲ ಹಿಂದೂಗಳನ್ನು ಕುರಿತು. ಆದರೆ ಅವನು ತೀರ್ಪನ್ನು ಕೊಟ್ಟು ಎದ್ದುಹೋಗುವುದಿಲ್ಲ; ಅದರ ಪಕ್ಕದಲ್ಲಿಯೇ ಅದಕ್ಕೆ ವಿರುದ್ಧವಾದ ಸಾಕ್ಷಿಯನ್ನೂ ಇಡುತ್ತಾನೆ. ಹಿಂದಿನವರು ಇಷ್ಟು ಸಂಕುಚಿತರಾಗಿರಲಿಲ್ಲ, ಯವನರು ಶಾಸ್ತ್ರ ಬಲ್ಲವರಾದುದರಿಂದ ಗೌರವಕ್ಕೆ ಅರ್ಹರೆಂದು ವರಾಹಮಿಹಿರನೇ ಹೇಳಿದ್ದಾನೆಂದು ತೋರಿಸುತ್ತಾನೆ. ಇಂದಿನ ದ್ವೇಷಕ್ಕೆ ಕಾರಣವೇನೆಂದೂ ಹುಡುಕುತ್ತಾನೆ. ಭಾಷೆ, ಮತ, ಆಚಾರಗಳ ಭೇದವನ್ನು ಹೇಳಿ, ಕೊನೆಗೆ ಯಾವುದನ್ನು ಹೇಳದೆ ಬಿಟ್ಟರೆ ಅವನಿಗೆ ಕ್ಷೇಮವಿತ್ತೋ ಅದನ್ನೂ ಹೇಳುತ್ತಾನೆ: ಮಹಮೂದನು ಈ ದೇಶದ ಸಂಪತ್ತನ್ನು ಹಾಳುಮಾಡಿದನು, ಹಿಂದೂಗಳು ದೂಳಿನ ಕಣಗಳಂತೆ ದಿಕ್ಕುಪಾಲಾದರು, ಅವರ ವಿದ್ಯೆ ಕಾಶ್ಮೀರ, ಕಾಶಿ ಮೊದಲಾದ ದೂರದ ಸ್ಥಳಗಳಿಗೆ ಓಡಿಹೋಯಿತು, ಉಳಿದವರಿಗೆ ನಮ್ಮ ಮೇಲೆ ತೀರದ ಹಗೆ ಬೆಳೆಯಿತು. ಮಹಮೂದನ ಮಗನ ಆಳಿಕೆಗೆ ಕಾಲಿಡುತ್ತಿದ್ದ ಊರಿನಲ್ಲಿ ಈ ಮಾತು ಬರೆಯಲು ಎಷ್ಟು ಧೈರ್ಯ ಬೇಕಾಗಿತ್ತೆಂಬುದನ್ನು ಓದುಗರೇ ಊಹಿಸಿಕೊಳ್ಳಬೇಕು. ಪರದೇಶದವರು ನಮ್ಮೊಡನೆ ಮುಖ ಕೊಟ್ಟು ಮಾತನಾಡದಿದ್ದರೆ ಅವರನ್ನು ಗರ್ವಿಷ್ಠರೆನ್ನುವುದು ಸುಲಭ. ನಮ್ಮವರು ಅವರಿಗೆ ಏನು ಮಾಡಿದ್ದಾರೆಂದು ಕೇಳುವುದು ಕಷ್ಟ. ಅವನ ಹಿರಿಮೆ ಇರುವುದು ಈ ಕಷ್ಟದ ಪ್ರಶ್ನೆಯನ್ನು ಕೇಳಿದ್ದರಲ್ಲಿ ಎಂದು ನನ್ನ ಎಣಿಕೆ.

ಈ ಗ್ರಂಥ ನನ್ನನ್ನು ಹಿಡಿದು ನಿಲ್ಲಿಸಿದ್ದಕ್ಕೆ ಇನ್ನೊಂದು ಕಾರಣವುಂಟು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಹಳ್ಳಿಯಿಂದ ಬಂದವರಿಗೆ ಪೇಟೆಯಲ್ಲಿ ಒಂದು ಸಿದ್ಧವಾದ ವರ್ಣನೆ ಕಾದಿರುತ್ತದೆ. ನಾವು ಬಾಯಿ ತೆರೆಯುವ ಮೊದಲೇ ಅದು ನಮ್ಮ ಮೇಲೆ ಬಂದು ಕೂರುತ್ತದೆ. ನಮ್ಮವರು ಹೊಲದಲ್ಲಿ ಏನು ಬೆಳೆಯುತ್ತಾರೆ, ಯಾವ ದೇವರಿಗೆ ಏಕೆ ನಡೆದುಕೊಳ್ಳುತ್ತಾರೆ ಎಂದು ನಮ್ಮನ್ನೇ ಕೇಳಿ ಬರೆದವರು ವಿರಳ. ಹೀಗೆ ವರ್ಣನೆಗೆ ಒಳಗಾದವರ ಕಡೆಯಲ್ಲಿ ನಿಂತು ಓದಿದಾಗ, ವರ್ಣಿಸುವ ಮೊದಲು ಹದಿಮೂರು ವರ್ಷ ಕಲಿತವನ ಬೆಲೆ ಚೆನ್ನಾಗಿ ತಿಳಿಯುತ್ತದೆ.

ಕನ್ನಡಿಗರ ಹೆಸರೂ ಈ ಗ್ರಂಥದಲ್ಲಿ ಒಮ್ಮೆ ಬರುತ್ತದೆ. ಹದಿನಾರನೆಯ ಅಧ್ಯಾಯದಲ್ಲಿ ಈ ದೇಶದ ಲಿಪಿಗಳನ್ನು ಎಣಿಸುವಾಗ ಕರ್ಣಾಟ ಲಿಪಿಯನ್ನೂ ಹೇಳಿ, ಸೈನ್ಯಗಳಲ್ಲಿ ಕನ್ನರರೆಂದು ಹೆಸರಾದ ಯೋಧರು ಬರುವುದು ಆ ಕರ್ಣಾಟದೇಶದಿಂದ ಎನ್ನುತ್ತಾನೆ. ಅಷ್ಟೇ. ಪಂಪನು ಭಾರತವನ್ನು ಕನ್ನಡದಲ್ಲಿ ಬರೆದು ಆಗಲೇ ಸುಮಾರು ೯೦ ವರ್ಷಗಳಾಗಿದ್ದವು. ಆ ಸುದ್ದಿ ಘಜನಿಗೆ ಮುಟ್ಟಲಿಲ್ಲ. ಮುಟ್ಟಿದ್ದು ನಮ್ಮವರ ಕತ್ತಿಯ ಸುದ್ದಿ. ಎಂಥ ವಿದ್ವಾಂಸನ ಕಣ್ಣಿಗೂ ಒಂದು ಎಲ್ಲೆಯಿದೆ. ಆದರೂ ತಾನು ಕಾಣದ ನಮ್ಮ ಗುಣಸ್ವಭಾವಗಳ ಮೇಲೆ ಅವನು ಒಂದು ಮಾತನ್ನೂ ಕಟ್ಟಲಿಲ್ಲ. ಇನ್ನೊಂದು ಕಾಕತಾಳೀಯವನ್ನು ಕನ್ನಡ ವಿದ್ಯಾರ್ಥಿಗಳು ಗಮನಿಸಬಹುದು. ಪಂಚತಂತ್ರದ ಹಳೆಯ ಅರಬ್ಬಿ ಅನುವಾದದಲ್ಲಿ ಮೂಲದಲ್ಲಿಲ್ಲದ ಸೇರ್ಪಡೆಯಿದೆಯೆಂದು ಅಸಮಾಧಾನಪಟ್ಟ ಬಿರೂನಿ, ಅದನ್ನು ತಾನೇ ಅನುವಾದಿಸಲು ಸಾಧ್ಯವಾಗಿದ್ದರೆ ಎಂದು ಹಂಬಲಿಸಿದ್ದಾನೆ. ಅವನು ಹೀಗೆ ಬರೆದದ್ದು ೧೦೩೦ರಲ್ಲಿ. ಸುಮಾರು ೧೦೩೧ರಲ್ಲಿ ಚಾಲುಕ್ಯ ಜಯಸಿಂಹನ ಆಸ್ಥಾನದ ದುರ್ಗಸಿಂಹನು ಪಂಚತಂತ್ರವನ್ನು ಕನ್ನಡಕ್ಕೆ ತಂದನು. ಒಬ್ಬರ ಹೆಸರನ್ನು ಒಬ್ಬರು ಕೇಳದ ಇಬ್ಬರು ಒಂದೇ ಕಾಲದಲ್ಲಿ ಒಂದೇ ಕಥೆಗಳನ್ನು ತಮ್ಮ ತಮ್ಮ ಜನರಿಗೆ ಕೊಡಬೇಕೆಂದು ಬಯಸಿದ್ದರು.

ಬಿರೂನಿ ಪಡೆದುಕೊಂಡು ಸುಮ್ಮನಾಗಲಿಲ್ಲ, ಕೊಡಲೂ ಯತ್ನಿಸಿದನು. ಮೊದಮೊದಲು ಪಂಡಿತರೆದುರು ಶಿಷ್ಯನಾಗಿದ್ದವನು, ಬರುಬರುತ್ತ ಲೆಕ್ಕಗಳ ಹಿಂದಿನ ಕಾರಣಗಳನ್ನು ಅವರಿಗೆ ವಿವರಿಸತೊಡಗಿದನು. ಇದನ್ನು ನೀನು ಯಾವ ಹಿಂದೂ ಗುರುವಿನಿಂದ ಕಲಿತೆ ಎಂದು ಅವರು ಬೆರಗಾಗಿ ಕೇಳಿದರಂತೆ. ಯೂಕ್ಲಿಡನ ರೇಖಾಗಣಿತವನ್ನೂ ಟಾಲೆಮಿಯ ಖಗೋಳ ಗ್ರಂಥವನ್ನೂ ಅವರಿಗಾಗಿ ಸಂಸ್ಕೃತಕ್ಕೆ ತರುವ ಕೆಲಸದಲ್ಲಿ ತಾನು ತೊಡಗಿದ್ದೇನೆಂದು ಅವನು ತಿಳಿಸಿದ್ದಾನೆ. ಕಾಶ್ಮೀರದ ಪಂಡಿತರು ಕೇಳಿ ಕಳುಹಿಸಿದ ಪ್ರಶ್ನೆಗಳಿಗೂ ಉತ್ತರ ಬರೆದನು.

ಮಹಮೂದನ ಮಗ ಮಸೂದನ ಕಾಲದಲ್ಲಿ ಅವನಿಗೆ ಕೊಂಚ ನೆಮ್ಮದಿ ದೊರೆಯಿತು. ಖಗೋಳಶಾಸ್ತ್ರದ ತನ್ನ ದೊಡ್ಡ ಗ್ರಂಥವನ್ನು ಆ ದೊರೆಗೆ ಅರ್ಪಿಸಿದನು. ಆಗ ದೊರೆ ಒಂದು ಆನೆಯ ಹೊರೆಯಷ್ಟು ಬೆಳ್ಳಿಯನ್ನು ಕಳುಹಿಸಲು, ತನಗೆ ಅದರ ಅಗತ್ಯವಿಲ್ಲವೆಂದು ಬೊಕ್ಕಸಕ್ಕೆ ಹಿಂದಿರುಗಿಸಿದನೆಂದು ಪ್ರತೀತಿ. ೧೦೫೦ರ ಸುಮಾರಿಗೆ ಘಜನಿಯಲ್ಲಿ ತೀರಿಕೊಂಡನು. ಕೊನೆಯುಸಿರಿನ ಹೊತ್ತಿಗೆ ನೋಡಲು ಬಂದ ನ್ಯಾಯಪಂಡಿತನೊಬ್ಬನನ್ನು, ಹಿಂದೊಮ್ಮೆ ಹೇಳಿದ್ದ ದಾಯಭಾಗದ ಲೆಕ್ಕವೊಂದನ್ನು ಮತ್ತೆ ತಿಳಿಸೆಂದು ಕೇಳಿದನಂತೆ. ಈ ಸ್ಥಿತಿಯಲ್ಲಿ ಅದೇಕೆ ಎಂದು ಅವನು ಮರುಗಿದಾಗ, ತಿಳಿಯದೆ ಹೋಗುವುದಕ್ಕಿಂತ ತಿಳಿದು ಹೋಗುವುದು ಮೇಲಲ್ಲವೆ ಎಂದನಂತೆ. ಲೆಕ್ಕ ಕೇಳಿ ತಿಳಿದುಕೊಂಡನು. ಬಂದವನು ಬೀದಿ ದಾಟುವಷ್ಟರಲ್ಲಿ ಮನೆಯೊಳಗಿಂದ ಅಳುವ ಸದ್ದು ಕೇಳಿಬಂದಿತು ಎಂದು ಹಳೆಯ ಚರಿತ್ರಕಾರರು ಬರೆದಿದ್ದಾರೆ.

ಬಹುಕಾಲ ಹೊರಗಿನ ಲೋಕಕ್ಕೆ ಹೆಚ್ಚು ತಿಳಿಯದಿದ್ದ ಕಿತಾಬ್ ಅಲ್ ಹಿಂದನ್ನು ಜರ್ಮನಿಯ ಎಡ್ವರ್ಡ್ ಸಖಾವ್ ಎಂಬ ವಿದ್ವಾಂಸನು ಶೋಧಿಸಿ ಅಚ್ಚುಹಾಕಿಸಿ, ೧೮೮೮ರಲ್ಲಿ ಇಂಗ್ಲಿಷಿಗೆ ತಂದನು. ಅದನ್ನು ಅಲ್ಲಲ್ಲಿ ನಿಂತು, ನಿಘಂಟಿನ ಸಹಾಯದಿಂದಲೇ ನಾನು ಓದಿದ್ದು. ಈ ವರ್ಷ ಪದವಿ ಮುಗಿಸುವ ನಮ್ಮಲ್ಲಿ ಕೆಲವರು ಬೆಂಗಳೂರಿಗೆ, ಕೆಲವರು ಮುಂಬಯಿಗೆ, ಒಬ್ಬಿಬ್ಬರು ಕೊಲ್ಲಿ ದೇಶಗಳಿಗೂ ಕೆಲಸ ಹುಡುಕಿಕೊಂಡು ಹೋಗಬಹುದು. ಹೋದಲ್ಲಿಂದ ಊರಿಗೆ ಸುದ್ದಿ ಹೇಳುವಾಗ, ಇಲ್ಲಿಯವರು ಹೀಗೆ ಎಂಬ ಮಾತು ನಾಲಗೆಯ ತುದಿಗೆ ಬರುವುದು ಸಹಜ. ಆಗ ಬಿರೂನಿಯನ್ನು ಒಮ್ಮೆ ನೆನೆದು, ಅವರ ಭಾಷೆಯಲ್ಲಿ ಅವರನ್ನೇ ಒಂದು ಮಾತು ಕೇಳಿದ ಮೇಲೆ ಹೇಳೋಣ.